ಬಾವಿ ಒಂದು, ನಾವು ಹನ್ನೊಂದು ಜನ: ಸೋಲಾರ್ ಪಂಪ್ ಹಾಕೋ ಮುಂಚೆ ಏನೇನ್ ನೋಡ್ಬೇಕು?

ಮೂರೆಕ್ರೆ:
ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ. ನಾವು ಅಕ್ಕಪಕ್ಕದ ಹನ್ನೊಂದು ಜನ, ಎಲ್ರದ್ದೂ ಸೇರಿ ಒಂಬತ್ತು ಎಕರೆ. ಮಧ್ಯದಲ್ಲಿ ಒಂದು ಹಳೇ ತೆರೆದ ಬಾವಿ ಇದೆ, ಅಗಲ ಆರು ಮೀಟರ್, ನೀರು ಈಗ ಹದಿನೈದು ಮೀಟರ್ ಕೆಳಗಿದೆ, ಪೂರ್ತಿ ಬತ್ತಿದ್ದನ್ನ ನಾನಂತೂ ನೋಡಿಲ್ಲ. ಇಬ್ರು ಮಾತ್ರ ಡೀಸೆಲ್ ಎಂಜಿನ್ ಇಟ್ಟು ಎತ್ತುತಾರೆ, ಮಿಕ್ಕವರೆಲ್ಲ ಮಳೆ ನಂಬ್ಕೊಂಡಿದೀವಿ. ಈಗ ಎಲ್ರೂ ಸೇರಿ ಸೋಲಾರ್ ಹಾಕೋಣ ಅಂತ ಮಾತು ಎದ್ದಿದೆ, ಪಂಪ್ ಮಾರೋರು ಬಂದು 5 ಎಚ್‌ಪಿ ಹಾಕ್ಸಿ ಒಂಬತ್ತು ಎಕರೆಗೂ ಧಾರಾಳ ಆಗುತ್ತೆ ಅಂದು ಹೋದ್ರು. ಹೌದಾ? ಇಲ್ಲಾ ಒಬ್ಬೊಬ್ರು ಚಿಕ್ಕ ಪಂಪ್ ಇಟ್ಕೊಳ್ಳೋದು ಒಳ್ಳೇದಾ? ಗುಂಪು ಅಂದ್ರೆ ಜಗಳ ಗ್ಯಾರಂಟಿ ಅಂತ ನಮ್ಮಣ್ಣ ಈಗ್ಲೇ ಹಿಂದೆ ಸರೀತಿದಾನೆ.

ಸ್ಪ್ಯಾನರ್:
ಮೊದ್ಲು ಒಂದ್ ಮಾತು, ಆಮೇಲೆ ಮಿಕ್ಕಿದ್ದು. ನೀರು ಹದಿನೈದು ಮೀಟರ್ ಕೆಳಗಿದೆ, ಡೀಸೆಲ್ ಎಂಜಿನ್ ಇಟ್ಟು ಎತ್ತುತಾರೆ ಅಂದ್ರೆ ಎಂಜಿನ್ ಬಾವಿ ಒಳಗೆ ಮೆಟ್ಟಿಲ ಮೇಲೋ ಕಟ್ಟೆ ಮೇಲೋ ಕೂತಿದೆ ಅಂತ ಅರ್ಥ. ಯಾಕಂದ್ರೆ ಮೇಲಿಂದ ಹೀರೋ ಪಂಪ್ ಯಾವ್ದೇ ಇರ್ಲಿ, ಎಷ್ಟೇ ದೊಡ್ಡ ಕಂಪ್ನಿದಿರ್ಲಿ, ಆರೇಳು ಮೀಟರ್‌ಗಿಂತ ಕೆಳಗಿನ ನೀರು ಹೀರಲ್ಲ, ಲೆಕ್ಕದ ಪ್ರಕಾರವೇ 10.3 ಮೀಟರ್ ಗಡಿ, ಅದು ಗಾಳಿಯ ಒತ್ತಡದ ಕಥೆ. ಬಾವಿಯೊಳಗೆ ಎಂಜಿನ್ ಓಡ್ತಿರುವಾಗ ಯಾರೂ ಇಳೀಬೇಡಿ, ನಿಲ್ಸಿದ ತಕ್ಷಣಾನೂ ಇಳೀಬೇಡಿ. ಹೊಗೆಯ ವಿಷಗಾಳಿಗೆ ವಾಸ್ನೆ ಇಲ್ಲ, ಕೆಳಗೆ ಬಿದ್ದವನನ್ನ ಎತ್ತೋಕೆ ಹೋದವ್ನೂ ಬೀಳ್ತಾನೆ. ಸೋಲಾರ್ ಹಾಕಿ ಇಲ್ಲಾ ಬಿಡಿ, ಆದ್ರೆ ಇದನ್ನ ಇವತ್ತೇ ಆ ಇಬ್ರಿಗೂ ಹೇಳಿ.

ಮೂರೆಕ್ರೆ:
ಹೌದಣ್ಣ, ಒಳಗಿನ ಕಟ್ಟೆ ಮೇಲೇ ಇದೆ. ಹೇಳ್ತೀನಿ. ನಿಜ್ವಾಗ್ಲೂ ಗೊತ್ತಿರ್ಲಿಲ್ಲ.

ಹಳೇ ಇಂಜಿನಿಯರ್:
ನಾನು ಸ್ವಲ್ಪ ಕಹಿ ಮಾತಾಡ್ತೀನಿ. ಎಲ್ಲ ಕಡೆ ಈಗ ಇದೇ ಹಾಡು, ರೈತರೇ ಮುಂದಾಳು, ರೈತರೇ ಹಣ ಹಾಕ್ಲಿ, ಸಣ್ಣ ನೀರಾವರಿ ವಿಸ್ತರಿಸ್ಲಿ. 2021ರಲ್ಲಿ ವಿಶ್ವಬ್ಯಾಂಕ್ ಅದಕ್ಕೇ ಅಂತ ಒಂದು ಕೈಪಿಡಿ ಕೂಡ ತಂತು. ಕೇಳೋಕೆ ಚೆನ್ನಾಗಿದೆ, ಆದ್ರೆ ಪ್ರತಿಯೊಬ್ಬನೂ ತನ್ನ ತನ್ನ ಪಂಪ್ ಇಟ್ಕೊಂಡ್ರೆ ಕೆಳಗಿನ ನೀರಿನ ಲೆಕ್ಕ ಇಡೋರ್ಯಾರು? ನಾಲೆ ಯೋಜನೇಲಿ ಕನಿಷ್ಠ ಗೇಟಲ್ಲಿ ಎಷ್ಟು ಹೋಯ್ತು ಅಂತ ಒಂದು ಪುಸ್ತಕದಲ್ಲಾದ್ರೂ ಬರೀತಿದ್ವಿ.

ತೇವ:
ಪುಸ್ತಕದಲ್ಲಿ ಬರೀತಿದ್ರಿ ಸರ್, ಆದ್ರೆ ಯೋಜನೆಗಳು ಹೇಳಿದಷ್ಟು ಜಮೀನಿಗೆ ನೀರು ಕೊಟ್ವಾ? ಮಾಲಿ ದೇಶದ ಆಫೀಸ್ ದು ನೀಜೆರ್ ಅನ್ನೋ ನಾಲೆ ಯೋಜನೆ ನೋಡಿ. 1932ರಲ್ಲಿ ಫ್ರೆಂಚರು ಶುರು ಮಾಡಿದ್ದು, ಕನಸು ಸುಮಾರು 10 ಲಕ್ಷ ಹೆಕ್ಟೇರು, ಐವತ್ತು ವರ್ಷ ಆದ್ರೂ ನೀರು ಕಂಡಿದ್ದು 60 ಸಾವಿರ ಹೆಕ್ಟೇರ್ ಆಸುಪಾಸು. ಅದೇ ಆಫ್ರಿಕಾದಲ್ಲಿ ಹೊಳೆ ಪಕ್ಕ, ತಗ್ಗು ಜಮೀನಲ್ಲಿ ಜನ ತಾವೇ ಬಕೆಟ್ಟು, ಪೆಟ್ರೋಲಲ್ಲಿ ಓಡೋ ಸಣ್ಣ ನೀರಿನ ಪಂಪು, ಕೈಯಲ್ಲಿ ತೋಡಿದ ಕಾಲುವೆ ಇಟ್ಕೊಂಡು ತರಕಾರಿ ಬೆಳೀತಾನೇ ಇದ್ರು, ಸರ್ಕಾರಿ ಲೆಕ್ಕದಲ್ಲಿ ಅದು ನೀರಾವರಿ ಅಂತ ಬರ್ತಾನೇ ಇರ್ಲಿಲ್ಲ. 2017ರಲ್ಲಿ ಸಂಶೋಧಕ ಫಿಲ್ ವುಡ್‌ಹೌಸ್ ಮತ್ತು ಜೊತೆಯವರು ಬರೆದ ಲೇಖನದ ತಿರುಳೇ ಇದು, ವಿಸ್ತರಣೆ ಆಗ್ಲೇ ನಡೀತಿದೆ, ನೋಡೋ ಕಣ್ಣು ಬೇರೆ ಕಡೆ ಇತ್ತು ಅಂತ. ಆಫ್ರಿಕಾದಲ್ಲಿ ಸಾಗುವಳಿ ಭೂಮಿಯ 6% ಮಾತ್ರ ನೀರಾವರಿ, ಏಷ್ಯಾದಲ್ಲಿ 37% ಅಂತ ಹೇಳ್ತಾರಲ್ಲ, ಆ 6%ರಲ್ಲಿ ಇವರೆಲ್ಲ ಎಷ್ಟು ಸೇರಿದಾರೋ ದೇವರಿಗೇ ಗೊತ್ತು.

ಹಳೇ ಇಂಜಿನಿಯರ್:
ಲೆಕ್ಕಕ್ಕೆ ಬರ್ಲಿಲ್ಲ ಅಂತ ನೀವೇ ಒಪ್ಕೊಂಡ್ರಲ್ಲ. ನನ್ನ ಪಾಯಿಂಟ್ ಅದೇ.

ಸ್ಪ್ಯಾನರ್:
ಹ್ಹಹ್ಹ. ಮೇಷ್ಟ್ರು ಬಿಡಲ್ಲ.
ಆದ್ರೆ ವಿಸ್ತರಣೆ ಹೇಗಾಗುತ್ತೆ ಅಂತ ನಂಗೆ ಯಾವಾಗ್ಲೂ ನೆನಪಾಗೋದು ಬಾಂಗ್ಲಾದೇಶ. ಮೊದ್ಲು ಅಲ್ಲಿ ಪಂಪೂ ಕೊಳವೆಬಾವೀನೂ ಎಲ್ಲ ಸರ್ಕಾರಿ ನಿಗಮದ ಕೈಲಿತ್ತು, ಬಾಡಿಗೆಗೆ ಕೊಡ್ತಿದ್ರು, ಯಾವ ಎಂಜಿನ್ ತರಿಸಬಹುದು ಅಂತಾನೂ ಮೇಲಿಂದ ಪಟ್ಟಿ. 1980ರ ದಶಕದ ಕೊನೇಲಿ ಸಣ್ಣ ಡೀಸೆಲ್ ಎಂಜಿನ್ ಆಮದಿನ ಕಟ್ಟುಪಾಡು ಸಡಿಲ ಮಾಡಿದ್ರು ನೋಡಿ, ಅಗ್ಗದ ಎಂಜಿನ್ ಬಂದ್ವು, ಜೊತೆಗೇ ಮೂಲೆಮೂಲೇಲಿ ರಿಪೇರಿ ಮಾಡೋರು ಹುಟ್ಕೊಂಡ್ರು, ಸ್ಪೇರ್ ಪಾರ್ಟ್ ಸಿಕ್ಕೋಕೆ ಶುರುವಾಯ್ತು, ಪಂಪ್ ಇಲ್ಲದವನು ಪಂಪ್ ಇರೋವನ ಹತ್ರ ನೀರು ಕೊಂಡ, ದುಡ್ಡಿಲ್ದಿದ್ರೆ ಬೆಳೇಲಿ ಕಾಲುಪಾಲು ಕೊಟ್ಟ. ಆಳ ಕಮ್ಮಿ ಇರೋ ಕೊಳವೆಬಾವಿಗಳು ಹತ್ತು ಲಕ್ಷ ದಾಟಿದ್ವು, ಬೇಸಿಗೆ ಭತ್ತ ಅಲ್ಲಿನ ಮುಖ್ಯ ಬೆಳೆ ಆಗೋಯ್ತು. ಯಾವ ಅಣೆಕಟ್ಟೂ ಮಾಡಿದ್ದಲ್ಲ ಇದು.
ಅದಕ್ಕೂ ಮುಂಚೆ 70ರ ದಶಕದ ಕೊನೇಲಿ ಗುನ್ನಾರ್ ಬಾರ್ನೆಸ್ ಅನ್ನೋ ಇಂಜಿನಿಯರ್ ಅಲ್ಲೇ ಬಿದಿರಿನ ಚೌಕಟ್ಟಿನ ಮೇಲೆ ಕಾಲಲ್ಲಿ ತುಳಿಯೋ ಪಂಪ್ ಮಾಡಿದ್ರು. ಅದೂ ಹತ್ತು ಲಕ್ಷ ಮೇಲೆ ಮಾರಾಟ ಆಗಿದೆ. ಯಾಕೆ ಹರಡ್ತು ಅಂದ್ರೆ ಪಿಸ್ಟನ್ ವಾಷರ್ ಹೋದ್ರೆ ಯಾರು ಬೇಕಾದ್ರೂ ಹಾಕ್ಕೋಬಹುದಿತ್ತು ಅಷ್ಟೇ. ನಾನು ಮೂವತ್ತು ವರ್ಷ ಪಂಪ್ ಬಿಚ್ಚಿದೀನಿ, ಪುಕ್ಕಟೆ ಕೊಟ್ಟ ಒಳ್ಳೊಳ್ಳೇ ಪಂಪ್‌ಗಳು ಒಂದು ಸೀಲ್ ಸಿಗದೇ ಗೋಡೆಗೆ ಒರಗಿ ನಿಂತಿದ್ದನ್ನ ಎಷ್ಟು ಕಂಡಿದೀನೋ.

ಹಳೇ ಇಂಜಿನಿಯರ್:
ಅದೇ ಬಾಂಗ್ಲಾದೇಶದಲ್ಲಿ ವಾಯವ್ಯದ ಬರೀಂದ್ ಕಡೆ ಅಂತರ್ಜಲ ಇಳೀತಾ ಹೋಗಿದ್ದನ್ನೂ ಹೇಳಿ. ಆ ಮೇಲ್ಪದರದ ನೀರಲ್ಲಿ ಆರ್ಸೆನಿಕ್ ವಿಷ ಇದ್ದಿದ್ದನ್ನೂ ಹೇಳಿ.

ಸ್ಪ್ಯಾನರ್:
ಹೇಳ್ದೆ ಅನ್ಕೊಳ್ಳಿ. ಸುಳ್ಳಲ್ಲ.

ತೇವ:
ಮೂರೆಕ್ರೆ ಅವ್ರೇ, ನಿಮ್ಮ ಪ್ರಶ್ನೆಗೆ ಬರೋಣ, ದೇಶಾಂತರ ಸಾಕು. ಬಾವಿ ರಾತ್ರಿ ಎಷ್ಟು ತುಂಬುತ್ತೆ? ಅಂದಾಜಿಗೆ?

ಮೂರೆಕ್ರೆ:
ಅಳೆದಿಲ್ಲ. ಸಂಜೆ ಎಂಜಿನ್ ನಿಲ್ಸಿದ್ರೆ ಬೆಳಿಗ್ಗೆ ಹೊತ್ಗೆ ಒಂದು ಮೀಟರ್ ಏರಿರುತ್ತೆ ಅನ್ಸುತ್ತೆ.

ತೇವ:
ಸರಿ, ಒಂದು ಮೀಟರ್ ಅಂತಾನೇ ಇಟ್ಕೊಳ್ಳೋಣ. ಆರು ಮೀಟರ್ ಅಗಲದ ದುಂಡು ಬಾವಿ ಅಂದ್ರೆ ವಿಸ್ತೀರ್ಣ ಸುಮಾರು 28 ಚದರ ಮೀಟರ್. ಒಂದು ಮೀಟರ್ ಏರಿದ್ರೆ 28 ಸಾವಿರ ಲೀಟರ್, ಅದು ಹನ್ನೆರಡು ಗಂಟೇಲಿ. ದಿನಕ್ಕೆ 56 ಸಾವಿರ ಲೀಟರ್ ನಿಮ್ಮ ಸಂಬಳ, ಅದಕ್ಕಿಂತ ಜಾಸ್ತಿ ಎತ್ತಿದ್ರೆ ಗಂಟು ಕರಗುತ್ತೆ.
ಈಗ ಖರ್ಚು. ಒಂದು ಎಕರೆ ಮೇಲೆ ಒಂದು ಮಿಲಿಮೀಟರ್ ನೀರು ನಿಲ್ಸೋಕೆ 4 ಸಾವಿರ ಲೀಟರ್ ಬೇಕು. ಬಿಸಿಲುಗಾಲದಲ್ಲಿ ತುಂಬು ಬೆಳೆ ದಿನಕ್ಕೆ ಹತ್ರಹತ್ರ 5 ಮಿಲಿಮೀಟರ್ ಕುಡಿಯುತ್ತೆ ಅಂದ್ರೆ 20 ಸಾವಿರ ಲೀಟರ್. ಡ್ರಿಪ್ಪಲ್ಲಿ, ಅಂದ್ರೆ ಹನಿ ನೀರಾವರೀಲಿ, ಸ್ವಲ್ಪ ಪೋಲು ಸೇರ್ಸಿ 22 ಸಾವಿರದ ಮೇಲೆ, ಸಾಲಲ್ಲಿ ಹರಿಸಿದ್ರೆ 33 ಸಾವಿರ ದಾಟುತ್ತೆ. 56 ಸಾವಿರ ಇಟ್ಕೊಂಡು ಡ್ರಿಪ್ಪಲ್ಲಿ ಎರಡೂವರೆ ಎಕರೆ. ಒಂಬತ್ತಲ್ಲ.

ಸ್ಪ್ಯಾನರ್:
ಇನ್ನು 5 ಎಚ್‌ಪಿ ಕಥೆ ಕೇಳಿ. ಹದಿನೈದು ಮೀಟರ್ ಆಳ, ಮೇಲೆ ಎತ್ತರದ ಹೊಲ, ಪೈಪಿನ ಉಜ್ಜಾಟ ಎಲ್ಲ ಸೇರಿ ಹೆಡ್, ಅಂದ್ರೆ ಪಂಪ್ ಒಟ್ಟು ಎತ್ತಬೇಕಾದ ಎತ್ತರ, 25 ಮೀಟರ್ ಅಂದ್ಕೊಳ್ಳೋಣ. ಆ ಹೆಡ್‌ಗೆ 5 ಎಚ್‌ಪಿ ಸುಮಾರಾದ ಪಂಪ್ ಆದ್ರೂ ಗಂಟೆಗೆ 30 ಸಾವಿರ ಲೀಟರ್ ಎತ್ತುತ್ತೆ. ರಾತ್ರಿ ಪೂರ್ತಿ ಬಂದ ನೀರು ಒಂದೇ ಗಂಟೇಲಿ ಖಾಲಿ, ಆಮೇಲೆ ಪಂಪು ಗಾಳಿ ಕುಡಿಯುತ್ತೆ, ಸೀಲ್ ಸುಟ್ಟೋಗುತ್ತೆ, ನನ್ನಂಥವ್ನಿಗೆ ಫೋನ್ ಬರುತ್ತೆ. ನಿಮ್ಮ ಬಾವೀಗೆ ದಿನಪೂರ್ತಿ ನಿಧಾನ ಎತ್ತೋ ಪಂಪ್ ಬೇಕು. 56 ಸಾವಿರ ಲೀಟರ್‌ನ 25 ಮೀಟರ್ ಎತ್ತೋಕೆ ನಷ್ಟ ಎಲ್ಲ ಸೇರಿ ದಿನಕ್ಕೆ ಎಂಟೊಂಬತ್ತು ಯೂನಿಟ್ ಕರೆಂಟು, ಎರಡು ಎರಡೂವರೆ ಕಿಲೋವ್ಯಾಟ್ ಪ್ಯಾನೆಲ್ ಸಾಕು. ಸೋಲಾರ್ ಒಳ್ಳೇದು ಇದಕ್ಕೇ, ಹೊತ್ತು ಏರಿದ ಹಾಗೆ ಮೆಲ್ಲಗೆ ಎತ್ತುತ್ತೆ, ಬಾವಿಗೂ ಉಸಿರಾಡೋಕೆ ಟೈಮ್ ಸಿಗುತ್ತೆ. ಮಾರೋರಿಗೆ ದೊಡ್ಡದು ಮಾರಿದ್ರೆ ಕಮಿಷನ್ ದೊಡ್ಡದು, ಅದ್ರಲ್ಲಿ ತಪ್ಪೇನು ಹೇಳಿ.

ಕೊನೆಮಡಿ:
ಇಷ್ಟೊತ್ತು ಸುಮ್ನೆ ಓದ್ತಾ ಇದ್ದೆ, ಈಗ ಬರೀಲೇಬೇಕು ಅನ್ನಿಸ್ತು. ನಾನು ಹೆಣ್ಣುಮಗಳು, ನಮ್ಮ ಹೊಲ ಯಾವಾಗ್ಲೂ ಕೊನೇದು, ಹೆಸರು ನೋಡಿದ್ರೇ ಗೊತ್ತಾಗುತ್ತಲ್ಲ. ನಮ್ದೂ ಒಂದು ಹಳ್ಳದ ಕಾಲುವೆ ಇತ್ತು. ಕಲ್ಲು, ಮಣ್ಣು, ಕೊಂಬೆ ಹಾಕಿ ಅಡ್ಡಗಟ್ಟೆ ಕಟ್ತಿದ್ವಿ, ಪ್ರತಿ ಮಳೆಗೂ ಕೊಚ್ಕೊಂಡು ಹೋಗ್ತಿತ್ತು, ಮತ್ತೆ ಮನೆಗೊಬ್ರು ಹೋಗಿ ಕಟ್ಟೋದು. ಆಗ ಮೇಲಿನ ಹೊಲದವ್ರು ನಮ್ಮನೆ ಬಾಗಿಲಿಗೆ ಬಂದು ಕರೀತಿದ್ರು, ಬಾರವ್ವ, ನೀನು ಬರ್ದಿದ್ರೆ ಹೆಂಗೆ ಅಂತ. ಆಮೇಲೆ ಯಾರೋ ಬಂದು ಚೆಂದಾಗಿ ಕಾಂಕ್ರೀಟ್ ಕಟ್ಟೆ ಕಟ್ಟಿಸ್ಕೊಟ್ರು, ಉದ್ಘಾಟನೆ ಎಲ್ಲ ಆಯ್ತು. ಮುಂದಿನ ವರ್ಷದಿಂದ ಯಾರೂ ಕರೀಲಿಲ್ಲ. ಕಟ್ಟೆ ಕೊಚ್ಕೊಂಡು ಹೋಗಲ್ವಲ್ಲ, ನಮ್ಮ ಕೈ ಯಾತಕ್ಕೆ ಬೇಕು? ನೀರೂ ನಮ್ಮ ತನಕ ಬರೋದು ನಿಂತೋಯ್ತು. ಯಾರ ಮೇಲೂ ಕೋಪ ಇಲ್ಲ, ಆದ್ರೆ ಆ ಕಟ್ಟೆ ನೋಡಿದ್ರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ.

ತೇವ:
ಅಕ್ಕ, ನೀವು ಹೇಳಿದ್ದು ಅಕ್ಷರಶಃ ಎಲಿನಾರ್ ಓಸ್ಟ್ರಾಮ್ ಅವ್ರು ನೇಪಾಳದಲ್ಲಿ ಕಂಡಿದ್ದು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತಲ್ಲ, ಅವ್ರೇ. ಅವ್ರೂ ಜೊತೆಯವ್ರೂ ಅಲ್ಲಿ ನೂರಾರು ಕಾಲುವೆ ಹೋಲಿಸಿ ನೋಡಿದ್ರು. ರೈತರೇ ಮಣ್ಣುಕಲ್ಲಲ್ಲಿ ಕಟ್ಟಿಕೊಂಡ ಕಡೆ ಕೊನೇ ಹೊಲಕ್ಕೆ ನೀರು ಹೆಚ್ಚು ಮುಟ್ಟುತ್ತಿತ್ತು, ಇಲಾಖೆ ಪಕ್ಕಾ ಕಟ್ಟೆ ಕಟ್ಟಿದ ಕಡೆ ಕಮ್ಮಿ. ಕಾರಣ ನೀವು ಹೇಳಿದ್ದೇ, ಮೇಲಿನವನಿಗೆ ಕೆಳಗಿನವನ ದುಡಿಮೆ ಬೇಕಿದ್ದಷ್ಟು ದಿನ ಕೆಳಗಿನವನ ಮಾತಿಗೆ ತೂಕ ಇತ್ತು.

ಹಳೇ ಇಂಜಿನಿಯರ್:
ಇದನ್ನ ನಾನು ಅಲ್ಲಗಳೆಯಲ್ಲ. ನಾನೇ ಅಂಥ ಕಟ್ಟೆ ಕಟ್ಟಿಸಿದೀನಿ, ಕೊನೇ ಹೊಲದ ತನಕ ನಡ್ಕೊಂಡು ಹೋಗಿ ನೋಡಿದ್ದು ಮಾತ್ರ ಎಷ್ಟು ಸಲ ಅಂತ ಕೇಳ್ಬೇಡಿ.

ಸುಮ್ನೆ ಓದೋನು:
ಹಾಗಾದ್ರೆ ಮಣ್ಣಿನ ಕಟ್ಟೆನೇ ಇರ್ಲಿ ಅಂತೀರಾ? ವರ್ಷಾ ವರ್ಷಾ ಸೊಂಟ ಮುರ್ಕೊಂಡು?

ಕೊನೆಮಡಿ:
ಇಲ್ಲಪ್ಪ, ಯಾರು ಹೇಳಿದ್ರು. ಕಟ್ಟೆ ಕಟ್ಲಿ, ಕಟ್ಟೋ ಮುಂಚೆ ಕೊನೆಯವರ ಪಾಳಿ ಇಷ್ಟು ಗಂಟೆ ಅಂತ ಬರೆದು ಸೈನ್ ಹಾಕ್ಲಿ. ನೀರು ಬಿಡೋ ಕಡೆಯ ಬೀಗ ಯಾರ ಕೈಲಿ ಅಂತ ಮೊದ್ಲೇ ತೀರ್ಮಾನ ಆಗ್ಲಿ. ಮೂರೆಕ್ರೆ ತಮ್ಮಾ, ನಿಮ್ಮ ಹನ್ನೊಂದು ಜನದಲ್ಲಿ ಹೆಂಗಸರೆಷ್ಟು?

ಮೂರೆಕ್ರೆ:
ಇಬ್ರು ಹೆಂಗಸರ ಹೆಸರಲ್ಲಿ ಜಮೀನಿದೆ ಅಕ್ಕ. ಮೀಟಿಂಗಿಗೆ ಅವ್ರ ಮನೆ ಗಂಡಸ್ರು ಬರ್ತಾರೆ.

ಕೊನೆಮಡಿ:
ನೋಡಿ ಮತ್ತೆ. ನೀರು ಬಿಡೋರು ಯಾರು, ಕಳೆ ಕೀಳೋರು ಯಾರು, ಮೀಟಿಂಗಲ್ಲಿ ಕೂರೋರು ಯಾರು. ಪಾಳಿ ರಾತ್ರಿ ಎರಡು ಗಂಟೆಗೆ ಅಂತ ಗಂಡಸ್ರು ಬರೆದಿಟ್ರೆ ನಾವು ಟಾರ್ಚ್ ಹಿಡ್ಕೊಂಡು ಹೋಗ್ಬೇಕಾ? ಸೋಲಾರ್ ಆದ್ರೆ ಹಗಲು ಪಾಳಿ, ಅದೊಂದು ನಮಗೆ ಲಾಭ, ಒಪ್ತೀನಿ.

ತೇವ:
ಕೀನ್ಯಾ, ತಾಂಜಾನಿಯಾ ಕಡೆ ಕಾಲಲ್ಲಿ ತುಳಿಯೋ ಪಂಪ್‌ಗಳ ಬಗ್ಗೆ ಓದಿದ್ದು ನೆನಪಾಯ್ತು. ಎತ್ತರದ ಮೇಲೆ ನಿಂತು ತುಳೀಬೇಕು, ಸೀರೆ ಲಂಗ ಉಟ್ಟೋರಿಗೆ ಹೇಗೋ ಹಾಗೆ ಅಲ್ಲಿನ ಹೆಂಗಸರಿಗೂ ಅದು ಮುಜುಗರ. ಪಂಪ್ ಕೊಂಡೋರೂ ಹೆಚ್ಚಾಗಿ ಗಂಡಸರೇ. ಯಂತ್ರ ಚೆನ್ನಾಗಿದ್ರೂ ಯಾರು ಬಳಸ್ತಾರೆ ಅಂತ ಕೇಳ್ದೆ ಮಾಡಿದ್ರೆ ಹೀಗೆ.

ಸುಮ್ನೆ ಓದೋನು:
ಡ್ರಿಪ್ ಹಾಕಿದ್ರೆ ಅರ್ಧ ನೀರು ಉಳಿಯುತ್ತೆ ಅಂತಾರಲ್ಲ, ಆಗ ಎರಡೂವರೆ ಎಕರೆ ಐದಾಗಲ್ವಾ?

ತೇವ:
ಮೇಲಿನ ಲೆಕ್ಕದಲ್ಲಿ ಡ್ರಿಪ್ ಆಗ್ಲೇ ಇದೆ. ಇನ್ನೊಂದು ವಿಷಯ, ಸಾಲಲ್ಲಿ ಹರಿಸಿದಾಗ ಪೋಲಾಯ್ತು ಅಂದ್ಕೊಳ್ಳೋ ನೀರಲ್ಲಿ ಒಂದಷ್ಟು ಇಂಗಿ ಮತ್ತೆ ಬಾವಿಗೇ ಬರುತ್ತೆ. ಡ್ರಿಪ್ ಹಾಕಿ, ಉಳೀತಲ್ಲ ಅಂತ ಇನ್ನೊಂದು ಎಕರೆ ಜಾಸ್ತಿ ಬೆಳೆದ್ರೆ ಬೆಳೆ ಕುಡಿದ ನೀರು ಒಟ್ಟು ಜಾಸ್ತೀನೇ ಆಯ್ತು, ಬಾವಿಗೆ ವಾಪಸ್ ಬರೋದು ಕಮ್ಮಿ ಆಯ್ತು. 2018ರಲ್ಲಿ ಸೈನ್ಸ್ ಪತ್ರಿಕೇಲಿ ಕ್ವೆಂಟಿನ್ ಗ್ರಾಫ್ಟನ್ ಮತ್ತಿತರರು ಇದನ್ನೇ ನೀರಾವರಿ ದಕ್ಷತೆಯ ವಿರೋಧಾಭಾಸ ಅಂದ್ರು. ಡ್ರಿಪ್ ಬೇಡ ಅಂತಲ್ಲ. ಎಕರೆಗೆ ಮಿತಿ ಹಾಕ್ಕೊಂಡು ಡ್ರಿಪ್ ಹಾಕಿ.
ಹೇಳ್ಬೇಕಂದ್ರೆ ಡ್ರಿಪ್‌ಗಿಂತ ಮುಂಚೆ ಮಣ್ಣಿನ ಹದ ನೋಡೋದು ಕಲೀರಿ. ಆಸ್ಟ್ರೇಲಿಯಾದ ರಿಚರ್ಡ್ ಸ್ಟಿರ್ಜೇಕರ್ ಅವ್ರು ಗೋಸುಂಬೆ ಅಂತ ಹೆಸರಿಟ್ಟು ಒಂದು ಸೆನ್ಸರ್ ಮಾಡಿದಾರೆ, ಬೇರಿನ ಆಳದಲ್ಲಿ ಹೂತಿರೋದು, ನೀಲಿ ದೀಪ ಬಂದ್ರೆ ಒದ್ದೆ, ಹಸಿರು ಬಂದ್ರೆ ಹದ, ಕೆಂಪು ಬಂದ್ರೆ ಒಣಗಿದೆ. ತಾಂಜಾನಿಯಾ, ಜಿಂಬಾಬ್ವೆ, ಮೊಜಾಂಬಿಕ್‌ನ ಸಣ್ಣ ರೈತರು ಅದನ್ನ ನೋಡ್ಕೊಂಡು ನೀರು ಬಿಡೋ ಸಲಗಳನ್ನ ಅರ್ಧಕ್ಕೆ ಇಳಿಸಿದ್ರು, ಬೆಳೆ ಕುಗ್ಗೋದಿರ್ಲಿ ಹೆಚ್ಚಾಯ್ತು, ಯಾಕಂದ್ರೆ ಮುಂಚೆ ಅತಿ ನೀರಲ್ಲಿ ಗೊಬ್ಬರದ ಸಾರಜನಕ ಕೆಳಗೆ ಕೊಚ್ಕೊಂಡು ಹೋಗ್ತಿತ್ತು. ನೀರು ಮಿಕ್ಕಿದ್ದಕ್ಕೆ ಕೊನೆಯವ್ರ ಜೊತೆ ಜಗಳಾನೂ ಕಮ್ಮಿ ಆಯ್ತಂತೆ. ಸೆನ್ಸರ್ ಇಲ್ದಿದ್ರೆ ಒಂದಡಿ ಅಗೆದು ಮಣ್ಣು ಕೈಲಿ ಹಿಡಿದು ಉಂಡೆ ಕಟ್ಟಿ ನೋಡಿ, ಅರ್ಧ ವಿದ್ಯೆ ಅದ್ರಲ್ಲೇ ಇದೆ.

ಹಳೇ ಇಂಜಿನಿಯರ್:
ಸೋಲಾರ್ ಬಗ್ಗೆ ನನ್ನ ಹೆದರಿಕೆ ಇನ್ನೂ ಹೋಗಿಲ್ಲ. ಡೀಸೆಲ್‌ಗೆ ಪ್ರತಿ ಲೀಟರ್‌ಗೂ ದುಡ್ಡು ಬಿಚ್ಬೇಕು, ಹಾಗಾಗಿ ಜನ ನಿಲ್ಸ್ತಿದ್ರು. ಪ್ಯಾನೆಲ್ ಒಂದ್ಸಲ ಕೂರಿಸಿದ್ರೆ ಬಿಸಿಲು ಇರೋ ತನಕ ಓಡಿಸ್ತಾರೆ, ನಿಲ್ಸೋಕೆ ಕಾರಣವೇ ಇಲ್ಲ.

ಸ್ಪ್ಯಾನರ್:
ಇದು ನ್ಯಾಯವಾದ ಮಾತು ಮೇಷ್ಟ್ರೇ. ಗುಜರಾತಿನ ಧುಂಡಿ ಅನ್ನೋ ಹಳ್ಳೀಲಿ ಒಂದು ಉಪಾಯ ಮಾಡಿದ್ರು, ಕೆಲವು ರೈತರು ಸಹಕಾರಿ ಕಟ್ಕೊಂಡು 2016ರಿಂದ ಮಿಕ್ಕ ಸೋಲಾರ್ ಕರೆಂಟನ್ನ ಗ್ರಿಡ್‌ಗೆ, ಅಂದ್ರೆ ಕರೆಂಟ್ ಲೈನಿಗೆ, ಮಾರೋಕೆ ಶುರು ಮಾಡಿದ್ರು. ಪಂಪ್ ನಿಲ್ಸಿದ್ರೆ ಕಾಸು ಬರುತ್ತೆ ಅಂದ್ರೆ ನಿಲ್ಸ್ತಾರೆ. ಲೈನ್ ಇಲ್ಲದ ಕಡೆ ಅದಾಗಲ್ಲ. ಅಲ್ಲಿ ಸುಲಭದ್ದು ಅಂದ್ರೆ ಬೇಕಂತಲೇ ಚಿಕ್ಕ ಪಂಪ್ ಹಾಕೋದು, ಮೀಟರ್ ಹಾಕೋದು, ಬಾವಿ ಗೋಡೆಗೆ ಒಂದು ಕೆಂಪು ಗೆರೆ ಎಳೆಯೋದು. ಲೆವೆಲ್ ಸ್ವಿಚ್ಚು ಅಲ್ಲಿಗೆ ಕೂರ್ಸಿ, ನೀರು ಗೆರೆಗಿಳಿದ್ರೆ ಪಂಪ್ ತಾನೇ ಆಫ್. ಆಮೇಲೆ ಯಾರ ಮುಖಾನೂ ನೋಡ್ಬೇಕಿಲ್ಲ.

ಮೂರೆಕ್ರೆ:
ಎಲ್ಲ ಓದಿದೆ. ಹತ್ತು ದಿನ ಟೈಮ್ ಕೊಡಿ, ಅಳೆದು ಬಂದು ಹೇಳ್ತೀನಿ.

ಸ್ಪ್ಯಾನರ್:
ಹಗ್ಗಕ್ಕೆ ಕಲ್ಲು ಕಟ್ಟಿ ಗುರುತು ಹಾಕಿ ಅಳೀರಿ. ಮೊಬೈಲ್ ಟಾರ್ಚಲ್ಲಿ ಅಂದಾಜು ಬೇಡ. ಬಾವಿಗಿಳೀಬೇಡಿ!

ಮೂರೆಕ್ರೆ:
ಬಂದೆ. ಸಾರಿ, ಹತ್ತು ಅಂದಿದ್ದು ಹದಿನಾರು ದಿನ ಆಯ್ತು.
ಆ ಎಂಜಿನ್ ಇಬ್ರನ್ನ ಒಪ್ಸೋದೇ ಮೂರು ದಿನ ಹಿಡೀತು, ಸಂಜೆಯಿಂದ ಬೆಳಿಗ್ಗೆ ತನಕ ಹನ್ನೆರಡು ಗಂಟೆ ಕಾಲ ಯಾರೂ ಎತ್ತಬಾರ್ದು ಅಂತ. ಐದು ರಾತ್ರಿ ಅಳೆದ್ವಿ. ಒಂದು ಮೀಟರ್ ಅಲ್ಲ. ಸರಾಸರಿ 62 ಸೆಂಟಿಮೀಟರ್. ತೇವ ಅವ್ರ ಲೆಕ್ಕದಲ್ಲಿ ಹಾಕಿದ್ರೆ ದಿನಕ್ಕೆ 35 ಸಾವಿರ ಲೀಟರ್, ಅಂದ್ರೆ ಡ್ರಿಪ್ಪಲ್ಲಿ ಒಂದೂವರೆ ಎಕರೆ. ನಮ್ಮ ಗುಂಪಲ್ಲಿ ಈ ನಂಬರ್ ಹೇಳಿದಾಗ ಸುಮಾರು ಹೊತ್ತು ಯಾರೂ ಮಾತಾಡ್ಲಿಲ್ಲ. 5 ಎಚ್‌ಪಿ ವಿಷಯ ಅಲ್ಲೇ ಮುಗೀತು.

ತೇವ:
ಅಳೆದ್ರಲ್ಲ, ಅದೇ ದೊಡ್ಡದು. ಈಗ ಎರಡು ದಾರಿ ಇದೆ. ಒಂದೂವರೆ ಎಕರೇನ ಹನ್ನೊಂದು ಪಾಲು ಮಾಡಿ ಎಲ್ರೂ ಬೇಸಿಗೇಲಿ ಸಣ್ಣ ತರಕಾರಿ ಮಡಿ ಮಾಡೋದು. ಇಲ್ಲಾ ಬೇಸಿಗೆ ಬೆಳೆ ಬಿಟ್ಟು, ಮಳೆಗಾಲದಲ್ಲೇ ಮಳೆ ಕೈಕೊಟ್ಟಾಗ ಒಂಬತ್ತೂ ಎಕರೆಗೆ ಬೆಳೆ ಉಳಿಸೋಕೆ ಒಂದ್ಸಲ ನೀರು ಕೊಡೋದು. ಎರಡನೇದಕ್ಕೆ ಲೆಕ್ಕ ನೋಡಿ, ಎಕರೆಗೆ 25 ಮಿಲಿಮೀಟರ್ ಅಂದ್ರೆ ಲಕ್ಷ ಲೀಟರ್, ಒಂಬತ್ತು ಎಕರೆಗೆ ಒಂಬತ್ತು ಲಕ್ಷ, ದಿನಕ್ಕೆ 35 ಸಾವಿರದಂತೆ ಒಂದು ಸುತ್ತು ಬರೋಕೆ 26 ದಿನ. ಅಷ್ಟು ದಿನ ಹೂ ಕಾಯ್ತಾ ಕೂರಲ್ಲ. ಬುಡಕ್ಕೆ ಮಾತ್ರ ಬಿಟ್ರೆ ಅರ್ಧ ನೀರಲ್ಲಿ ಹದಿಮೂರು ದಿನಕ್ಕೆ ಮುಗಿಸಬಹುದು. ಮಳೆಗಾಲದಲ್ಲಿ ಬಾವಿಯ ಸೆಲೆ ಜೋರಿರುತ್ತೆ, ಆಗಲೂ ಒಮ್ಮೆ ಅಳೀರಿ, ಇನ್ನೂ ಬೇಗ ಆಗ್ಬಹುದು.

ಹಳೇ ಇಂಜಿನಿಯರ್:
ಸುತ್ತ ಇಂಗುಗುಂಡಿಗೆ ಜಾಗ ಇದ್ರೆ ಬಾವಿಯ ಮೇಲ್ಗಡೆ ಎರಡು ಮಾಡಿ, ಹೂಳು ಇಳಿಯೋಕೆ ಮುಂದೆ ಒಂದು ಚಿಕ್ಕ ತೊಟ್ಟಿ ಇಟ್ಟು. ಮತ್ತೆ ಪ್ರತಿ ತಿಂಗಳು ಅದೇ ತಾರೀಕು ಅದೇ ಹೊತ್ತಿಗೆ ನೀರಿನ ಮಟ್ಟ ಬರೆದಿಡಿ. ನನಗೆ ಆ ಪುಸ್ತಕ ಒಂದಿದ್ರೆ ಸಾಕು, ಉಳಿದ ತಕರಾರೆಲ್ಲ ವಾಪಸ್ ತಗೋತೀನಿ.

ಮೂರೆಕ್ರೆ:
ಪುಸ್ತಕ ಶುರುವಾಗಿದೆ ಸರ್, ಐದು ರಾತ್ರಿದು ಅದ್ರಲ್ಲೇ ಇದೆ. ಮೀಟಿಂಗಲ್ಲಿ ಆಗಿದ್ದಿಷ್ಟು: ಬೇಸಿಗೆಗೆ ತಲಾ ಒಂದು ಮಡಿ ತರಕಾರಿ, ಎಲ್ರಿಗೂ ಒಂದೇ ಅಳತೆ, ಜಮೀನು ಜಾಸ್ತಿ ಇರೋವ್ನಿಗೂ ಅಷ್ಟೇ. ಮಳೆಗಾಲದಲ್ಲಿ ಬೆಳೆ ಉಳಿಸೋ ನೀರು, ಪಾಳಿ ಕೊನೇ ಹೊಲದಿಂದ ಶುರು. ಚಿಕ್ಕ ಪಂಪು, ಕೆಂಪು ಗೆರೆ, ಹಗಲು ಮಾತ್ರ. ಎಂಜಿನ್ ಇರೋ ಇಬ್ರಲ್ಲಿ ಒಬ್ರು ಒಪ್ಪಿದಾರೆ, ಇನ್ನೊಬ್ರು ನೋಡೋಣ ಅಂದ್ರು. ನಮ್ಮಣ್ಣಾನೂ ಬಂದು ಹಿಂದೆ ಕೂತಿದ್ದ.

ಕೊನೆಮಡಿ:
ಬೀಗ?

ಮೂರೆಕ್ರೆ:
ಆ ಇಬ್ರು ಹೆಂಗಸರಲ್ಲಿ ಒಬ್ರ ಹತ್ರ ಅಕ್ಕ. ಅವ್ರ ಹೊಲಾನೇ ಕೊನೇದು.

ಸ್ಪ್ಯಾನರ್:
ಎಂಜಿನ್ ಬಾವಿಯಿಂದ ಮೇಲೆ ಬಂತಾ?

ಮೂರೆಕ್ರೆ:
ಒಂದು ಬಂತು.